ನೀಲಗಿರಿಯ ಚಹಾ ಕಾರ್ಖಾನೆಯೂ ನಮ್ಮ ಶೈಕ್ಷಣಿಕ ಪ್ರವಾಸವೂ

ಪ್ರತಿ ವರ್ಷ ಚಳಿಗಾಲ ಕಾಲಿಡುತ್ತಿದ್ದಂತೆ ನಮ್ಮ ಪ್ರೌಢಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ವಾಹನ ಗೊತ್ತುಪಡಿಸುವುದು, ಹಣ ಕೂಡಿಸುವುದು, ಪಾಲಕರ ಒಪ್ಪಿಗೆ ಪತ್ರ ತರಿಸುವುದು, ಅಡುಗೆಯವರನ್ನು ಗೊತ್ತುಮಾಡುವುದು ಇತ್ಯಾದಿ ಕೆಲಸಗಳಲ್ಲಿ ಅಧ್ಯಾಪಕ ವರ್ಗ ಮುಳುಗಿಹೋಗುತ್ತದೆ. ಉತ್ತರ ಕರ್ನಾಟಕದ ಶಾಲೆಗಳಿಗಂತೂ ಮೈಸೂರು ಮತ್ತು ಊಟಿಗಳ ಹಾದಿ ಬಹುಕಾಲದಿಂದ ಪರಿಚಿತವಾದುದು. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಘಟ್ಟವನ್ನೇರಿ, ಉದಕಮಂಡಲದ ಸಸ್ಯೋದ್ಯಾನವನ್ನೂ ಕೆರೆಯನ್ನೂ ನೋಡಿ, ದೊಡ್ಡಬೆಟ್ಟದ ಮೇಲೆ ನಿಂತು ಮಂಜನ್ನು ಕಂಡು, ಹಿಂದಿರುಗುವಾಗ ಒಂದು ಚಹಾ ಕಾರ್ಖಾನೆಯನ್ನು ಹೊಕ್ಕು ಹೊರಬರುವುದು ಈ ಪ್ರವಾಸದ ಸಾಮಾನ್ಯ ಕ್ರಮ. ಈ ಕ್ರಮದಲ್ಲಿ ಕೊನೆಗೆ ಬರುವ, ಕೇವಲ ಕಾಲು ಗಂಟೆಯಲ್ಲಿ ಮುಗಿದುಹೋಗುವ ಚಹಾ ಕಾರ್ಖಾನೆಯ ಭೇಟಿಯನ್ನು ಕುರಿತು ನಾಲ್ಕು ಮಾತುಗಳನ್ನು ಈ ಸಂಚಿಕೆಯ ಓದುಗರ ಮುಂದಿಡಬೇಕೆಂಬುದು ನನ್ನ ಅಪೇಕ್ಷೆ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ಕಾಯಕ ತತ್ತ್ವದ ಹೆಸರಿನಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯೊಂದು ತನ್ನ ಮಕ್ಕಳಿಗೆ ದುಡಿಮೆಯನ್ನು ಹೇಗೆ ತೋರಿಸಬೇಕೆಂಬ ಪ್ರಶ್ನೆ ಇದರಲ್ಲಿ ಅಡಗಿದೆಯೆಂದು ನಾನು ಭಾವಿಸಿದ್ದೇನೆ.

ಕಳೆದ ಬೇಸಿಗೆಯ ರಜೆಯಲ್ಲಿ ಕುಟುಂಬ ಸಮೇತನಾಗಿ ನೀಲಗಿರಿಗೆ ಹೋಗಿದ್ದಾಗ ಕೂನೂರಿನ ಸಮೀಪದ ಹಳೆಯ ಪದ್ಧತಿಯ ಕಾರ್ಖಾನೆಯೊಂದನ್ನು ಸಾವಕಾಶವಾಗಿ ನೋಡುವ ಅವಕಾಶ ದೊರೆಯಿತು. ಇಂದು ನಮ್ಮ ದೇಶದಲ್ಲಿ ತಯಾರಾಗುವ ಚಹಾದ ಬಹುಪಾಲು 'ಸಿ.ಟಿ.ಸಿ.' ಎಂಬ ವಿಧಾನದ್ದು. ಎಲೆಯನ್ನು ಹಲ್ಲುಗಳುಳ್ಳ ಉರುಳೆಗಳ ನಡುವೆ ಕತ್ತರಿಸಿ, ಹರಿದು, ಸುರುಳಿಗೊಳಿಸಿ ಸಣ್ಣ ಕಾಳುಗಳನ್ನಾಗಿ ಮಾಡುವ ಈ ವಿಧಾನ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ನಮ್ಮ ಮನೆಗಳಲ್ಲಿ ಹಾಲು ಸಕ್ಕರೆ ಬೆರೆಸಿ ಕುದಿಸುವ ಪುಡಿ ಇದೇ. ಇದಕ್ಕಿಂತ ಹಿಂದಿನದು 'ಆರ್ಥೊಡಾಕ್ಸ್' ಎಂದು ಕರೆಯಲ್ಪಡುವ ಸಾಂಪ್ರದಾಯಿಕ ವಿಧಾನ. ನಾನು ನೋಡಿದ್ದು ಆ ಬಗೆಯ ಕಾರ್ಖಾನೆ.

ಅಲ್ಲಿಯ ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಏಕೆಂದರೆ ಮುಂದೆ ನಾನು ಹೇಳಲಿರುವ ಅಭಿಪ್ರಾಯವೆಲ್ಲ ಇದನ್ನೇ ಆಧರಿಸಿದೆ. ತೋಟದಲ್ಲಿ ಎರಡು ಎಲೆ ಹಾಗೂ ಒಂದು ಕುಡಿಯಂತೆ ಚಿವುಟಿ ತಂದ ಹಸಿ ಎಲೆಯನ್ನು ಮೊದಲು ತೂಕ ಮಾಡಿ, ಮೇಲಂತಸ್ತಿನಲ್ಲಿ ಜಾಲರಿಯ ತಳವುಳ್ಳ ಉದ್ದನೆಯ ತೊಟ್ಟಿಗಳಲ್ಲಿ ಹರಡುತ್ತಾರೆ. ಕೆಳಗಿನಿಂದ ಗಾಳಿ ಹಾಯಿಸಿ ಹನ್ನೆರಡರಿಂದ ಹದಿನೆಂಟು ಗಂಟೆಗಳ ಕಾಲ ಅದನ್ನು ಬಾಡಿಸುತ್ತಾರೆ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ ಇರುವುದರಿಂದ, ಅದು ಬಾಡಿ ಮೆತ್ತಗಾಗದೆ ಮುಂದಿನ ಕೆಲಸ ಸಾಗದು. ಬಾಡಿದ ಎಲೆಯನ್ನು ಕೆಳಗಿಳಿಸಿ, ದುಂಡನೆಯ ಮೇಜಿನಂತಹ ಯಂತ್ರಕ್ಕೆ ತುಂಬುತ್ತಾರೆ. ಎರಡು ಅಂಗೈಗಳ ನಡುವೆ ಎಲೆಯನ್ನು ಹೊಸೆದಂತೆ ಆ ಯಂತ್ರ ಎಲೆಯನ್ನು ಹೊಸೆಯುತ್ತದೆ. ಯಂತ್ರ ಬರುವ ಮುನ್ನ ಈ ಕೆಲಸವನ್ನು ಕೈಗಳೇ ಮಾಡುತ್ತಿದ್ದವು. ಯಂತ್ರವನ್ನು ರೂಪಿಸಿದವರು ಕೈಯ ಚಲನೆಯನ್ನೇ ಅನುಕರಿಸಿದರು. ಹೊಸೆದಾಗ ಎಲೆಯ ಜೀವಕೋಶಗಳು ಒಡೆದು ರಸ ಹೊರಬರುತ್ತದೆ. ಅನಂತರ ಎಲೆಯನ್ನು ತಂಪಾದ ಕೋಣೆಯಲ್ಲಿ ತೆಳುವಾಗಿ ಹರಡಿಡುತ್ತಾರೆ. ಹಸಿರು ಬಣ್ಣ ಕ್ರಮೇಣ ತಾಮ್ರದ ಬಣ್ಣಕ್ಕೆ ತಿರುಗಿ, ಹಸಿ ಸೊಪ್ಪಿನ ವಾಸನೆ ಹೋಗಿ, ಹಣ್ಣಿನಂತಹ ಪರಿಮಳ ಏಳುತ್ತದೆ. ಕಾರ್ಖಾನೆಯವರು ಇದನ್ನು ಹುದುಗು ಬರಿಸುವುದು ಎನ್ನುತ್ತಾರೆ. ವಾಸ್ತವದಲ್ಲಿ ಇಲ್ಲಿ ದೋಸೆಯ ಹಿಟ್ಟಿನಲ್ಲಿರುವಂತೆ ಸೂಕ್ಷ್ಮ ಜೀವಿಗಳ ಕೆಲಸವಿಲ್ಲ. ಎಲೆಯಲ್ಲೇ ಇರುವ ಕಿಣ್ವವೊಂದರ ನೆರವಿನಿಂದ ರಸವು ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದುತ್ತದೆ. ಕೊಯ್ದಿಟ್ಟ ಸೇಬು, ಬದನೆಕಾಯಿಗಳು ಕಂದುಬಣ್ಣಕ್ಕೆ ತಿರುಗುವುದೂ ಇದೇ ಕಾರಣದಿಂದ. ತಕ್ಕ ಸಮಯ ನೋಡಿ ಎಲೆಯನ್ನು ಬಿಸಿಗಾಳಿಯ ಒಲೆಗೆ ಹಾಯಿಸಿದಾಗ ಆ ಕ್ರಿಯೆ ನಿಂತು, ಎಲೆ ಒಣಗಿ ಕಪ್ಪಾಗುತ್ತದೆ. ಕೊನೆಗೆ ಕಡ್ಡಿ ನಾರುಗಳನ್ನು ಬೇರ್ಪಡಿಸಿ, ಜರಡಿಗಳಲ್ಲಿ ಹಾಯಿಸಿ, ಎಲೆಯ ಗಾತ್ರಕ್ಕನುಸಾರವಾಗಿ ವಿಂಗಡಿಸಿ ಚೀಲಗಳಿಗೆ ತುಂಬುತ್ತಾರೆ.

ಈ ಎಲ್ಲ ಹಂತಗಳಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ಕಂಡದ್ದು ತಕ್ಕ ಸಮಯವನ್ನು ಗುರುತಿಸುವ ಕೆಲಸ. ಮಳೆ ಬಂದ ದಿನದ ಎಲೆ ಬೇರೆ, ಬಿಸಿಲಿನ ದಿನದ ಎಲೆ ಬೇರೆ. ಎರಡಕ್ಕೂ ಗಡಿಯಾರದ ಒಂದೇ ಲೆಕ್ಕ ಹೊಂದುವುದಿಲ್ಲ. ಎಲೆ ಎಷ್ಟು ಬಾಡಿದೆ ಎಂಬುದನ್ನು ಅಲ್ಲಿಯ ಹಿರಿಯ ಕೆಲಸಗಾರರು ಮುಷ್ಟಿಯಲ್ಲಿ ಹಿಡಿದು ಹಿಸುಕಿ ತಿಳಿಯುತ್ತಾರೆ. ಹುದುಗಿನ ಹದವನ್ನು ಮೂಗಿನಿಂದ ಅಳೆಯುತ್ತಾರೆ. ನಮಗೆ ಕಾರ್ಖಾನೆಯನ್ನು ತೋರಿಸಿದ ಮೇಲ್ವಿಚಾರಕರು ಬಡಗ ಸಮುದಾಯದವರು. ಅವರು ತಮ್ಮ ನುಡಿಯಲ್ಲಿ ಆಡಿದ ಮಾತು ನಮಗೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ಬಡಗರೆಂದರೆ ಬಡಗಣ ದಿಕ್ಕಿನಿಂದ ಬಂದವರು; ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಆ ಬೆಟ್ಟಗಳನ್ನೇರಿದವರೆಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವರಲ್ಲಿ ಒಡೆಯರೆಂಬ ಪಂಗಡದವರು ಲಿಂಗವಂತರು. ನಮ್ಮ ಮಕ್ಕಳು ನೀಲಗಿರಿಗೆ ಹೋಗಿ ಬರುತ್ತಾರೆ. ಆದರೆ ಕನ್ನಡಕ್ಕೆ ಅಷ್ಟು ಸಮೀಪದ ನುಡಿಯನ್ನಾಡುವ ಜನ ಅಲ್ಲಿದ್ದಾರೆ, ಅವರಲ್ಲಿ ಇಷ್ಟಲಿಂಗವನ್ನು ಧರಿಸುವವರೂ ಇದ್ದಾರೆ ಎಂಬ ಸಂಗತಿಯನ್ನು ತಿಳಿದು ಬರುವವರು ಎಷ್ಟು ಮಂದಿ?

ನಾವು ಅಲ್ಲಿದ್ದಾಗಲೇ ಒಂದು ದೊಡ್ಡ ವಿದ್ಯಾರ್ಥಿ ತಂಡ ಬಂದಿತು. ಸಾಲಾಗಿ ಬಂದ ಮಕ್ಕಳು ಯಂತ್ರಗಳ ಶಬ್ದದ ನಡುವೆ ಸಾಲಾಗಿಯೇ ಮುನ್ನಡೆದು, ಚಿಕ್ಕ ಲೋಟಗಳಲ್ಲಿ ಕೊಟ್ಟ ಚಹಾ ಕುಡಿದು, ಮಾರಾಟದ ಮಳಿಗೆಯ ಮೂಲಕ ಹೊರಬಿದ್ದರು. ಮಳಿಗೆಯಲ್ಲಿ ಕಳೆದ ಸಮಯ ಯಂತ್ರಗಳ ಮುಂದೆ ಕಳೆದ ಸಮಯಕ್ಕಿಂತ ಅಧಿಕವಾಗಿತ್ತು. ಹೊರಗಿನ ತೋಟದಲ್ಲಿ ಎಲೆ ಕೊಯ್ಯುತ್ತಿದ್ದ ಹೆಣ್ಣುಮಕ್ಕಳ ಚಿತ್ರಗಳನ್ನು ಕೆಲವರು ಕೇಳದೆಯೇ ತೆಗೆದುಕೊಂಡರು. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಏನನ್ನು ನೋಡಬೇಕೆಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ದಿನ ಇನ್ನೂ ಐದು ಸ್ಥಳಗಳನ್ನು ಮುಗಿಸಬೇಕಿದ್ದ ಅಧ್ಯಾಪಕರಿಗೆ ಹೇಳುವಷ್ಟು ವ್ಯವಧಾನವೂ ಇದ್ದಂತೆ ತೋರಲಿಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಅಧಿಕ ಪಾಲು ಒಕ್ಕಲು ಮಕ್ಕಳು. ತಂದೆ ಕಬ್ಬು ಬೆಳೆಯುತ್ತಾರೆ, ತಾಯಿ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಕಡಿದ ಕಬ್ಬು ಕಾರ್ಖಾನೆಯ ಅಂಗಳದಲ್ಲಿ ಕಾದು ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ ಎಂಬುದನ್ನು ಹತ್ತು ವರ್ಷದ ಹುಡುಗನೂ ಬಲ್ಲ. ಚಹಾ ಎಲೆಯ ಸ್ಥಿತಿ ಇದಕ್ಕಿಂತಲೂ ಸೂಕ್ಷ್ಮ. ಕೊಯ್ದ ಎಲೆಯನ್ನು ಅದೇ ದಿನ ಕಾರ್ಖಾನೆಗೆ ಮುಟ್ಟಿಸದಿದ್ದರೆ ಅದು ಕೆಟ್ಟುಹೋಗುತ್ತದೆ. ನೀಲಗಿರಿಯಲ್ಲಿ ಸಾವಿರಾರು ಸಣ್ಣ ಹಿಡುವಳಿದಾರರು, ಅವರಲ್ಲಿ ಬಡಗ ಕುಟುಂಬಗಳೇ ಬಹಳ, ಒಂದೆರಡು ಎಕರೆಗಳಲ್ಲಿ ಚಹಾ ಬೆಳೆದು, ಎಲೆ ಕೊಳ್ಳುವ ಕಾರ್ಖಾನೆಗಳಿಗೆ ಮಾರುತ್ತಾರೆ. ಕಾರ್ಖಾನೆಯವರು ತಯಾರಾದ ಚಹಾವನ್ನು ಬಹುಪಾಲು ಹರಾಜಿಗೆ ಕಳುಹಿಸುತ್ತಾರೆ. ಹರಾಜಿನ ಬೆಲೆ ಬಿದ್ದರೆ ಎಲೆಯ ಬೆಲೆಯೂ ಬೀಳುತ್ತದೆ. 1990ರ ದಶಕದ ಕೊನೆಯಲ್ಲಿ ಹಾಗೆ ಬೆಲೆ ಕುಸಿದಾಗ ಆ ಬೆಟ್ಟಗಳ ಸಣ್ಣ ಬೆಳೆಗಾರರು ಬಹಳ ಸಂಕಟಪಟ್ಟು ಬೀದಿಗಿಳಿದು ಹೋರಾಡಬೇಕಾಯಿತು. ತಾನು ಬೆಳೆದದ್ದಕ್ಕೆ ತಾನು ಬೆಲೆ ಕಟ್ಟಲಾರದ ರೈತ, ಕಾಯಲಾರದ ಬೆಳೆ, ನಡುವೆ ಕಾರ್ಖಾನೆ, ಆಚೆಗೆ ಪೇಟೆ: ಈ ನಾಲ್ಕರ ಸಂಬಂಧ ನಮ್ಮ ಕಬ್ಬಿನ ಸೀಮೆಯ ಮಕ್ಕಳಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಆ ಬೆಳೆಗಾರರೂ 1960ರ ದಶಕದಿಂದ ಸಹಕಾರಿ ಕಾರ್ಖಾನೆಗಳನ್ನು ಕಟ್ಟಿಕೊಂಡಿದ್ದಾರೆ. ನಮ್ಮಲ್ಲೂ ಸಹಕಾರಿ ಸಕ್ಕರೆ ಕಾರ್ಖಾನೆಗಳಿವೆ. ಎರಡರ ಏಳುಬೀಳುಗಳನ್ನು ಹೋಲಿಸಿ ನೋಡಿದರೆ ಸಮಾಜ ವಿಜ್ಞಾನದ ಎಷ್ಟೋ ಪಾಠಗಳು ಕಣ್ಣೆದುರಿಗೇ ನಿಲ್ಲುತ್ತವೆ.

ಇನ್ನು ಎಲೆ ಕೊಯ್ಯುವವರ ಮಾತು. ದೊಡ್ಡ ತೋಟಗಳಲ್ಲಿ ಕೊಯ್ಲಿನ ಕೆಲಸ ಮಾಡುವವರು ಬಹುಮಟ್ಟಿಗೆ ಸ್ತ್ರೀಯರು. ಅವರಲ್ಲಿ ಅನೇಕರ ಹಿರಿಯರು ಸಿಂಹಳದ ಚಹಾ ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದ ತಮಿಳರು. 1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರ ನಡುವೆ ಆದ ಒಪ್ಪಂದದಂತೆ ಲಕ್ಷಾಂತರ ಜನ ಭಾರತಕ್ಕೆ ಮರಳಿದರು. ಹಾಗೆ ಬಂದವರಿಗೆ ಉದ್ಯೋಗ ಕಲ್ಪಿಸಲೆಂದೇ ತಮಿಳುನಾಡು ಸರಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟಗಳನ್ನು ಬೆಳೆಸಲು ಆರಂಭಿಸಿತು. ಸುಮಾರು ನಾಲ್ಕೂವರೆ ಕಿಲೋಗ್ರಾಂ ಹಸಿ ಎಲೆಯಿಂದ ಒಂದು ಕಿಲೋಗ್ರಾಂ ಚಹಾ ದೊರೆಯುತ್ತದೆ. ಒಂದು ಬಟ್ಟಲಿಗೆ ಎರಡು ಗ್ರಾಂ ಪುಡಿಯೆಂದು ಹಿಡಿದರೂ ಒಂದು ಕಿಲೋಗ್ರಾಂ ಎಂದರೆ ಐನೂರು ಬಟ್ಟಲು. ಇಳಿಜಾರಿನಲ್ಲಿ ನಿಂತು, ಬೆನ್ನಿಗೆ ಚೀಲ ಕಟ್ಟಿಕೊಂಡು ಆ ತಾಯಂದಿರು ಚಿವುಟಿದ ಎಲೆಯಿಂದ ಎಷ್ಟು ಮನೆಗಳ ಬೆಳಗು ನಡೆಯುತ್ತದೆ ಎಂಬ ಲೆಕ್ಕವನ್ನು ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ಆ ಲೆಕ್ಕವನ್ನು ಮಾಡಿದ ವಿದ್ಯಾರ್ಥಿ ಅವರ ಚಿತ್ರ ತೆಗೆಯುವ ಮುನ್ನ ಒಮ್ಮೆ ಅನುಮತಿ ಕೇಳುತ್ತಾನೆ. ಕೇಳುವಾಗ ಬಹುವಚನದಲ್ಲಿ ಮಾತನಾಡುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ದುಡಿಯುವವರನ್ನು ಕಂಡಾಗಲೆಲ್ಲ 'ಅವರು ಕಾಯಕ ಮಾಡುತ್ತಿದ್ದಾರೆ' ಎಂದು ಕೈಮುಗಿದು ಮುಂದೆ ಸಾಗುವ ಅಭ್ಯಾಸ ನಮ್ಮ ವೇದಿಕೆಗಳಲ್ಲಿ ಬೆಳೆದಿದೆ. ಕಾಯಕವೆಂಬ ಶಬ್ದವನ್ನು ಇಷ್ಟು ಅಗ್ಗವಾಗಿ ಬಳಸುವುದು ಶರಣರಿಗೆ ಸಲ್ಲಿಸುವ ಗೌರವವಾಗಲಾರದು. 12ನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ಚಂದಯ್ಯನವರೂ, ಬಟ್ಟೆ ಮಡಿ ಮಾಡುವ ಮಾಚಯ್ಯನವರೂ, ದೋಣಿ ನಡೆಸುವ ಚೌಡಯ್ಯನವರೂ ಬಸವಣ್ಣನವರೊಡನೆ ಸರಿಸಮನಾಗಿ ಕುಳಿತು ಮಾತನಾಡಿದರು. ಅವರ ದುಡಿಮೆಗೆ ಕಾಯಕವೆಂಬ ಹೆಸರು ಬಂದದ್ದು ಅದರ ಜೊತೆಗೆ ಮಾನವೂ ಮಾತಿನ ಅಧಿಕಾರವೂ ಬಂದುದರಿಂದ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನಾವು ಪ್ರತಿ ಬಸವ ಜಯಂತಿಯಂದು ಹೇಳುತ್ತೇವೆ. ಪತಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದ ಮಹಾತಾಯಿ ಆಕೆ. ಅಗತ್ಯಕ್ಕಿಂತ ಹೆಚ್ಚಿನದನ್ನು ಒಲ್ಲೆನೆಂದ ಆ ತತ್ತ್ವ, ದುಡಿದವರಿಗೆ ಅಗತ್ಯಕ್ಕಿಂತ ಕಡಿಮೆ ಕೊಡುವುದನ್ನು ಎಂದಿಗೂ ಒಪ್ಪದು. ಆದ್ದರಿಂದ ಚಹಾ ತೋಟದಲ್ಲಿ ದುಡಿಯುವವರನ್ನು ಕಂಡ ನಮ್ಮ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಸರಳವಾದವು: ಇವರಿಗೆ ದಿನದ ಕೂಲಿ ಎಷ್ಟು? ಮನೆ ಎಂತಹದು? ಮಳೆಯ ದಿನ ಏನು ಮಾಡುತ್ತಾರೆ? ಇವರ ಮಕ್ಕಳು ಎಲ್ಲಿ ಓದುತ್ತಾರೆ? ಸ್ವತಂತ್ರ ಭಾರತದ ಸಂಸತ್ತು 1951ರಲ್ಲೇ ತೋಟದ ಕಾರ್ಮಿಕರ ಕಾಯಿದೆಯನ್ನು ಮಾಡಿ ವಸತಿ, ವೈದ್ಯೋಪಚಾರ, ಶಿಶುವಿಹಾರಗಳನ್ನು ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಹಾಗೆ ಹೊರಿಸಬೇಕಾಗಿ ಬಂದದ್ದೇಕೆ ಎಂಬುದನ್ನು ಮಕ್ಕಳು ಯೋಚಿಸಲಿ. ಇವುಗಳಿಗೆ ಉತ್ತರ ಹುಡುಕದೆ ಕಾಯಕದ ಮಾತನಾಡಿದರೆ ಅದು ಬಾಯಿಮಾತಾಗಿಯೇ ಉಳಿಯುತ್ತದೆ.

ಕೆಲವರು ಆಕ್ಷೇಪಿಸಬಹುದು: ಮಕ್ಕಳು ವರ್ಷಕ್ಕೊಮ್ಮೆ ಸಂತೋಷಪಡಲು ಹೊರಟಿರುತ್ತಾರೆ, ಅಲ್ಲಿಯೂ ಪಾಠ ಪ್ರವಚನಗಳ ಹೊರೆಯೇಕೆ ಎಂದು. ಈ ಆಕ್ಷೇಪದಲ್ಲಿ ಅರ್ಥವಿದೆ. ಘಟ್ಟದ ತಿರುವುಗಳಲ್ಲಿ ಹಾಡುವ ಹಾಡು, ಮೊದಲ ಬಾರಿಗೆ ಮಂಜನ್ನು ಕಂಡ ಬೆರಗು, ಹಲ್ಲುಗಾಲಿಯ ನೆರವಿನಿಂದ ಬೆಟ್ಟವೇರುವ ಪುಟ್ಟ ರೈಲು, ಇವೆಲ್ಲ ಬಾಲ್ಯದ ಹಕ್ಕುಗಳೇ. ಇವುಗಳಲ್ಲಿ ಒಂದನ್ನೂ ಕಡಿಮೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಒಂದು ದಿನದಲ್ಲಿ ಆರು ಸ್ಥಳಗಳನ್ನು ನೋಡುವ ಬದಲು ಮೂರನ್ನು ನೋಡಿ, ಅವುಗಳಲ್ಲಿ ಒಂದಕ್ಕೆ ಅರ್ಧ ದಿನವನ್ನು ಮೀಸಲಿಡಿ ಎಂಬುದಷ್ಟೇ ನನ್ನ ವಿನಂತಿ. ಹಸಿ ಎಲೆಯನ್ನು ಕೈಯಲ್ಲಿ ಹಿಡಿದು, ಬಾಡಿದ ಎಲೆಯನ್ನು ಮೂಸಿ, ಅದು ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಿದ ಮಗುವಿಗೆ ದೊರೆಯುವ ಸಂತೋಷ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನ ಸಲಹೆ ಇಷ್ಟು. ಹೊರಡುವ ಮುನ್ನ ಒಂದು ವಾರ ತರಗತಿಯಲ್ಲಿ ಪೂರ್ವಸಿದ್ಧತೆಯಾಗಲಿ. ವಿಜ್ಞಾನದ ಶಿಕ್ಷಕರು ಎಲೆಯ ಬಣ್ಣ ಬದಲಾಗುವ ಕಾರಣವನ್ನೂ, ಗಣಿತದ ಶಿಕ್ಷಕರು ಹಸಿ ಎಲೆ ಒಣ ಚಹಾಗಳ ಪ್ರಮಾಣವನ್ನೂ, ಸಮಾಜ ವಿಜ್ಞಾನದ ಶಿಕ್ಷಕರು ನೀಲಗಿರಿಯ ಜನರ ವಿಷಯವನ್ನೂ ತಿಳಿಸಲಿ. ಕಾರ್ಖಾನೆಗೆ ಮೊದಲೇ ಪತ್ರ ಬರೆದು, ಸಣ್ಣ ಸಣ್ಣ ತಂಡಗಳಾಗಿ ನೋಡಲು ಅವಕಾಶ ಕೇಳಲಿ. ಮರಳಿದ ಮೇಲೆ ಪ್ರತಿಯೊಬ್ಬರೂ ತಾವು ಕಂಡ ಒಬ್ಬ ಕೆಲಸಗಾರರ ಕೆಲಸವನ್ನು ಕುರಿತು ಒಂದು ಪುಟ ಬರೆಯಲಿ. ಬೆಟ್ಟಕ್ಕೆ ಹೋಗಲಾಗದ ವರ್ಷ, ಊರ ಹೊರಗಿನ ಆಲೆಮನೆಗೂ ಕೈಮಗ್ಗದ ಮನೆಗೂ ಇದೇ ಕ್ರಮದಲ್ಲಿ ಹೋಗಿ ಬರಬಹುದು. ಬೆಲ್ಲದ ಪಾಕದ ಹದ ನೋಡುವವರ ಕಣ್ಣೂ ಚಹಾದ ಹದ ತಿಳಿಯುವವರ ಮೂಗೂ ಒಂದೇ ಬಗೆಯ ವಿದ್ಯೆಯನ್ನು ಬಲ್ಲವು. ಆ ವಿದ್ಯೆ ಪುಸ್ತಕದಲ್ಲಿ ಸಿಗದು.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ಶ್ರೀಮಠದ ಪ್ರಸಾದ ನಿಲಯದಲ್ಲಿ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅನ್ನವನ್ನು ಉಣ್ಣುತ್ತಾರೆ. ಯಾರ ತಂದೆ ಭೂಮಿಯುಳ್ಳವರು, ಯಾರ ತಂದೆ ಕೂಲಿಯವರು ಎಂದು ಆ ಪಂಕ್ತಿ ಕೇಳುವುದಿಲ್ಲ. ಆದರೆ ಪ್ರವಾಸದ ಹೆಸರುಪಟ್ಟಿ ಕೇಳುತ್ತದೆ. ಹಣ ಕಟ್ಟಲಾಗದ ಮಕ್ಕಳು ಆ ನಾಲ್ಕು ದಿನ ಊರಿನಲ್ಲಿಯೋ ನಿಲಯದಲ್ಲಿಯೋ ಉಳಿಯುತ್ತಾರೆ. ಕೆಲವರು ಮನೆಯಲ್ಲಿ ಕೇಳಿ ನಿರಾಶರಾಗುವುದಕ್ಕಿಂತ ತಮಗೆ ಬರಲು ಮನಸ್ಸಿಲ್ಲವೆಂದು ಹೇಳಿಬಿಡುತ್ತಾರೆ. ವರ್ಗದ ಗುರುಗಳಾದವರಿಗೆಲ್ಲ ಈ ಸಂಗತಿ ತಿಳಿದದ್ದೇ. ಜೋಳಿಗೆ ಹಿಡಿದು ಊರೂರು ತಿರುಗಿದ ಪೂಜ್ಯರ ಪರಿಶ್ರಮದಿಂದಲೂ ಒಕ್ಕಲಿಗರು ರಾಶಿಯಿಂದ ಎತ್ತಿಕೊಟ್ಟ ಕಾಳಿನಿಂದಲೂ ಬೆಳೆದ ಸಂಸ್ಥೆಯಲ್ಲಿ ಈ ಭೇದ ಉಳಿಯಬಾರದು. ಕೊಠಡಿಗೆ ಕೊಟ್ಟ ದಾನಕ್ಕೆ ಶಿಲಾಫಲಕವಿದೆ, ಅದು ಉಚಿತವೇ. ಪ್ರವಾಸ ನಿಧಿಗೆ ಕೊಟ್ಟ ದಾನಕ್ಕೆ ಗೋಡೆಯ ಮೇಲೆ ಗುರುತು ಉಳಿಯುವುದಿಲ್ಲ. ಆದರೆ ಯಾವ ಹೆಸರೂ ಪಟ್ಟಿಯಿಂದ ಬಿಟ್ಟುಹೋಗದ ಹಾಗೆ ಮಾಡಲು ಅಂತಹ ನಿಧಿಯೊಂದು ಅಗತ್ಯವಾಗಿ ಬೇಕು. ದಾಸೋಹವು ಊಟದ ಮನೆಯಿಂದ ಹೊರಟು ಪ್ರವಾಸದ ವಾಹನದವರೆಗೂ ಬರಲಿ ಎಂಬುದು ನನ್ನ ಬೇಡಿಕೆ.

ಕೂಲಿಕಾರರ ಮಗಳೊಬ್ಬಳು ಮುಂದಿನ ವರ್ಷ ಆ ಕಾರ್ಖಾನೆಯ ಮೇಲಂತಸ್ತಿನಲ್ಲಿ ನಿಂತು, ಬಾಡಿದ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು, ಎಲೆ ಹೊತ್ತು ತಂದವರನ್ನು ತನ್ನ ತಾಯಿಯ ಸಮಾನರೆಂದು ಕಾಣಲಿ. ಅವರ ಕೂಲಿ ಎಷ್ಟೆಂದು ನಿಸ್ಸಂಕೋಚವಾಗಿ ಕೇಳಲಿ. ನಮ್ಮ ಶಾಲೆ ಅವಳಿಗೆ ಕಲಿಸಿದ್ದು ಸಾರ್ಥಕವಾಯಿತೆಂದು ಅಂದು ನಾವು ಧೈರ್ಯವಾಗಿ ಹೇಳಬಹುದು. ಶಾಲೆಯ ಆಡಳಿತ ಮಂಡಳಿಯವರೂ ಅಧ್ಯಾಪಕ ವೃಂದವೂ ದಾನಿ ಮಹನೀಯರೂ ಈ ದಿಸೆಯಲ್ಲಿ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.